ಬನಿಯನ್ನಿಗೆ ಸಿಗಿಸಿದ ಕೆಂಪು ಕೀಲಿ

ಸೋಮವಾರ ಬೆಳಿಗ್ಗೆ ಮನೆಗೆಲಸದ ದುರ್ಗಕ್ಕ ಗೋಡೆಯ ಪ್ಲಗ್ ಕಿತ್ತು ಸರ್ವೆಯರ್ ವೆಂಕೋಬರಾಯರ ಪ್ರಾಣ ಉಳಿಸಿದಳು. ಎಂಟು ಗಂಟೆಗೆ ಪೊಲೀಸರು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಗುರುವಾರವಾದರೂ ಮನೆಗೆ ಕಳಿಸಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ದುರ್ಗಕ್ಕನ ವಕೀಲೆ ರೇಣುಕಾದೇವಿ ಹೊಸಪೇಟೆಯ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಟ್ರೆಡ್‌ಮಿಲ್ ನೋಡುತ್ತ ನಿಂತಿದ್ದಳು. ಕೊಳ್ಳುವವಳು ಅವಳಲ್ಲ, ರಾಯರ ಹೆಂಡತಿ ವಿಜಯಲಕ್ಷ್ಮೀ. ಆಕೆ ಚಪ್ಪಲಿಯನ್ನು ಅಂಗಡಿಯ ಬಾಗಿಲಲ್ಲೇ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಯಂತ್ರದ ಮೇಲೆ ನಿಂತಿದ್ದಳು.

“ಬಿಡ್ಲೇನ್ರಿ ಅಮ್ಮಾರ?” ಎಂದ ಅಂಗಡಿಯ ಹುಲುಗಪ್ಪ, ಗುಂಡಿಯ ಮೇಲೆ ಬೆರಳಿಟ್ಟು.

“ಬಿಡಪಾ. ಬಸ್ಸಿನ ಹಂಗ ಜಗ್ಗಬ್ಯಾಡ ಮತ್ತ.”

ಪಟ್ಟಿ ಹೊರಳಿತು. ವಿಜಯಲಕ್ಷ್ಮೀ ಕಂಬಿ ಬಿಗಿಹಿಡಿದು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ನಾಲ್ಕನೆಯ ಹೆಜ್ಜೆಗೆ ಅವಳ ಮುಖ ಸಡಿಲವಾಯಿತು.

ನಿನ್ನೆ ಸಂಜೆ ರಾಯರು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದರು. ಮಾತು ಬಂದಿರಲಿಲ್ಲ. ಹೆಂಡತಿಯ ಕೈಯನ್ನು ಎರಡು ಸಲ ಒತ್ತಿದ್ದರು, ಅಷ್ಟೇ. ಆರು ವಾರದಲ್ಲಿ ಎದ್ದು ನಡೆಯಬೇಕು, ಆದರೆ ಮನೆಯೊಳಗೇ ನಡೆಯಬೇಕು, ಆ ಎದೆಗೂಡು ಇನ್ನು ಬೀದಿಯ ಧೂಳು ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ರಾಯರು ಬಿದ್ದಿದ್ದ ಹಳೆಯ ಟ್ರೆಡ್‌ಮಿಲ್ಲನ್ನು ಪೊಲೀಸರು ಜಪ್ತಿ ಮಾಡಿ ಠಾಣೆಯ ಹಿಂದೆ ತಾಡಪಾಲಿನಡಿ ಇಟ್ಟಿದ್ದರು. ವಾಪಸ್ಸು ಬಂದರೂ ಅದು ತನ್ನ ಮನೆಯ ಹೊಸ್ತಿಲು ದಾಟಕೂಡದೆಂದು ವಿಜಯಲಕ್ಷ್ಮೀ ತೀರ್ಮಾನಿಸಿದ್ದಳು. ಗಂಡ ಇನ್ನೂ ಹಾಸಿಗೆಯಲ್ಲಿರುವಾಗ ಯಂತ್ರ ಕೊಳ್ಳಲು ಹೊರಟ ಅವಳನ್ನು ಕಂಡು ಓಣಿಯವರು ಬೆರಗಾಗಿದ್ದರು. ಬೇರೆಯವರು ದೇವರಿಗೆ ಹರಕೆ ಹೊರುತ್ತಾರೆ; ಈಕೆ ಗಂಡನ ಕಾಲಿಗೆ ಹರಕೆ ಹೊತ್ತಿದ್ದಳು. ಅವರು ಬದುಕಿದರೆ ಊರಲ್ಲಿ ಸಿಗುವ ಒಳ್ಳೆಯ ಯಂತ್ರವನ್ನೇ ತರುತ್ತೇನೆ ಎಂದು.

ಮೂವತ್ತು ವರ್ಷ ಗಣಿ ಕಂಪನಿಗಾಗಿ ಸಂಡೂರಿನ ಗುಡ್ಡಗಳನ್ನು ನಡೆದು ಅಳೆದ ಕಾಲುಗಳವು. ಆ ಗುಡ್ಡಗಳು ಅದಿರಾಗಿ ಲಾರಿ ಹತ್ತಿ, ಬಂದರು ಮುಟ್ಟಿ, ಹಡಗು ಹತ್ತಿ ಚೀನಾಕ್ಕೆ ಹೋದವು. ಊರಿನ ಬೀದಿಗಳು ಕೆಂಪಾದವು, ಬೆಳಗಿನ ನಡಿಗೆಗೆ ಹೋದವರು ಕೆಮ್ಮುತ್ತ ಮರಳಿದರು. ಆಮೇಲೆ ಅದೇ ಚೀನಾದಿಂದ ನಡೆಯುವ ಯಂತ್ರಗಳು ಪೆಟ್ಟಿಗೆಯಲ್ಲಿ ಬಂದವು. ಗಣಿ ಧಣಿಗಳು ಮಹಡಿಗೊಂದರಂತೆ ತರಿಸಿಕೊಂಡರು. ರಾಯರಂಥವರು ಎರಡು ವರ್ಷದ ಹಿಂದೆ ಹುಲುಗಪ್ಪನ ಅಂಗಡಿಯಿಂದ ಸಣ್ಣದೊಂದನ್ನು ಒಯ್ದಿದ್ದರು.

ರೇಣುಕಾದೇವಿ ಈ ಅಂಗಡಿಗೆ ಬಂದಿದ್ದು ಆ ಸಣ್ಣದರ ಸಲುವಾಗಿ. ಅದು ಹೇಗೆ ನಿಲ್ಲುತ್ತದೆ, ಹೇಗೆ ಹೊರಡುತ್ತದೆ ಎಂಬುದನ್ನು ಕೂರಿಸಿದವನ ಬಾಯಿಂದಲೇ ಕೇಳಬೇಕಿತ್ತು.

ಹುಲುಗಪ್ಪನಿಗೆ ಇಂದು ಮಾತಿನ ಸುಗ್ಗಿ. ಮೂರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದ. ಮೊದಲನೆಯದಕ್ಕೆ ಕೈ ತೋರಿಸಿ, ಇದು ಮದುವೆಗೆ ಉಡುಗೊರೆ ಕೊಡುವಂಥದ್ದು, ತಿಂಗಳೊಪ್ಪತ್ತಿನಲ್ಲಿ ಇದರ ಮೇಲೆ ಬಟ್ಟೆ ಒಣಗಲು ಶುರುವಾಗುತ್ತದೆ ಎಂದ. ಮೂರನೆಯದಕ್ಕೆ ಟೀವಿ ಇತ್ತು, ಹಾಡಿನ ಪೆಟ್ಟಿಗೆಯಿತ್ತು, ಗುಡ್ಡ ಹತ್ತುವ ಹಾಗೆ ತಾನೇ ಮುಂದೆ ಏಳುತ್ತಿತ್ತು. ಗುಡ್ಡ ಮಾರಿದವರು ಅದನ್ನೇ ಕೇಳುತ್ತಾರೆ ಎಂದು ದನಿ ತಗ್ಗಿಸಿ ನಕ್ಕ. ಈಗ ವಿಜಯಲಕ್ಷ್ಮೀ ನಿಂತಿದ್ದದ್ದು ನಡುವಿನದರ ಮೇಲೆ. ಬೆಲೆಯಲ್ಲಿ ಅದೂ ಮೇಲ್ದರ್ಜೆಯದೇ. ಆದರೆ ಅದರ ಒಳ್ಳೆಯತನ ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಅವನು ವಿವರಿಸಿದ. ಮೋಟಾರು ಗಂಟೆಗಟ್ಟಲೆ ಓಡಿದರೂ ಬಿಸಿಯಾಗದು. ಪಟ್ಟಿ ಅಗಲ, ಹೆಜ್ಜೆ ಸ್ವಲ್ಪ ವಾಲಿದರೂ ಪಾದ ಹೊರಗೆ ಬೀಳದು. ಹಲಗೆಯ ಕೆಳಗೆ ರಬ್ಬರಿನ ಮೆತ್ತೆ, ಮೊಣಕಾಲಿಗೆ ಪೆಟ್ಟಿಲ್ಲ. ಕಂಬಿ ಹಿಂದಿನತನಕ ಉದ್ದ. ಕರೆಂಟು ಏರಿಳಿದರೆ ತಡೆಯುವ ಪೆಟ್ಟಿಗೆ ಜೊತೆಗೇ ಬರುತ್ತದೆ.

“ಎಷ್ಟು ಮೆಲ್ಲಗ ಶುರು ಆಗ್ತದ ಹೇಳು,” ಎಂದಳು ವಿಜಯಲಕ್ಷ್ಮೀ. “ಜೋರು ಓಡೋದನ್ನ ಎಲ್ಲಾರೂ ತೋರಿಸ್ತಾರ. ನನಗ ಮೆಲ್ಲಗ ಹೊರಡೋದು, ಜಲ್ದಿ ನಿಲ್ಲೋದು ಬೇಕು.”

“ಈಗ ನೀವು ನಡ್ಯಾಕತ್ತೀರಲ್ಲ, ಅದಕಿಂತ ಮೆಲ್ಲಗ ಬೇಕಂದ್ರ ನಿಂತ್ಕೋಬೇಕ್ರಿ.”

ವಿಜಯಲಕ್ಷ್ಮೀ ನಕ್ಕಳು. ನಾಲ್ಕು ದಿನದಲ್ಲಿ ಅದು ಮೊದಲ ನಗೆ. ಹುಲುಗಪ್ಪನೂ ನಕ್ಕು, ಎರಡು ಬೆರಳಿಲ್ಲದ ಎಡಗೈಯಿಂದ ಮುಖ ಒರೆಸಿಕೊಂಡ. ಆ ಬೆರಳುಗಳು ಹೋದದ್ದು ಅದಿರು ಪುಡಿ ಮಾಡುವ ಕ್ರಷರಿನಲ್ಲಿ. ಕುಡಿದು ಕೈಯಿಟ್ಟ ಎಂದು ಕಂಪನಿ ಬರೆದುಕೊಂಡಾಗ, ಹಾಗಲ್ಲ ಎಂದು ಸಾಕ್ಷಿ ಹೇಳಿ ಅರ್ಜಿ ಬರೆದುಕೊಟ್ಟವರು ವೆಂಕೋಬರಾಯರು. ಅಂಗಡಿ ತೆರೆದ ದಿನ ಮೊದಲ ಗಿರಾಕಿಯಾಗಿ ಬಂದವರೂ ಅವರೇ.

ರೇಣುಕಾದೇವಿ ಪಟ್ಟಿಯ ಮುಂದಿನ ಫಲಕದಲ್ಲಿದ್ದ ಕೆಂಪು ಕೀಲಿಯನ್ನು ಮುಟ್ಟಿದಳು. ಕೀಲಿಗೆ ದಾರ, ದಾರದ ತುದಿಗೆ ಒಂದು ಕ್ಲಿಪ್ಪು.

“ಇದನ್ನ ತೋರಿಸು ಹುಲುಗಪ್ಪ.”

ಅವನು ಪಟ್ಟಿ ನಿಲ್ಲಿಸಿ, ವಿಜಯಲಕ್ಷ್ಮೀಯನ್ನು ಇಳಿಸಿ, ತಾನೇ ಹತ್ತಿದ. ಕ್ಲಿಪ್ಪನ್ನು ಅಂಗಿಯ ಎದೆಗೆ ಸಿಗಿಸಿಕೊಂಡು ನಡೆಯತೊಡಗಿದ. ಎಡವಿದವನಂತೆ ಹಿಂದಕ್ಕೆ ಜಾರಿದ. ದಾರ ಬಿಗಿಯಿತು, ಕೀಲಿ ಕಳಚಿತು, ಪಟ್ಟಿ ಎರಡು ಉಸಿರಿನಲ್ಲಿ ನಿಂತಿತು. ಕೀಲಿ ಅವನ ಎದೆಯ ಮೇಲೆ ನೇತಾಡುತ್ತಿತ್ತು.

“ಕೀಲಿ ಇಲ್ದ ಇದು ಓಡ್ತೈತೇನು?”

“ಓಡಂಗಿಲ್ರಿ ವಕೀಲಮ್ಮಾರ. ರಾಯರ ಹಳೀದೂ ಅಷ್ಟ. ಕೀಲಿ ತಗದ್ರ ಮುಗೀತು.”

ರೇಣುಕಾದೇವಿಯ ಚೀಲದಲ್ಲಿದ್ದ ಪೊಲೀಸರ ಮಹಜರು ಇದನ್ನೇ ಹೇಳುತ್ತಿತ್ತು. ರಾಯರು ನೆಲಕ್ಕೆ ಬಿದ್ದಿದ್ದರು, ಕೆಂಪು ಕೀಲಿ ಕಳಚಿ ಅವರ ಬನಿಯನ್ನಿನ ಕೊರಳಿನಿಂದ ನೇತಾಡುತ್ತಿತ್ತು. ಕಂಪನಿಯವರ ಪ್ರಕಾರ ನಡೆದದ್ದು ಸರಳ: ರಾಯರು ನಡೆಯುತ್ತಿದ್ದಾಗ ಕಸ ಗುಡಿಸಲು ಬಂದ ದುರ್ಗಕ್ಕ ಪ್ಲಗ್ ಕಿತ್ತಳು, ಪಟ್ಟಿ ಗಕ್ಕನೆ ನಿಂತಿತು, ರಾಯರು ಬಿದ್ದು ತಲೆ ಒಡೆಯಿತು. ದುರ್ಗಕ್ಕ ಹೇಳುತ್ತಿದ್ದದ್ದು ಬೇರೆ. ತಾನು ಬಂದಾಗ ರಾಯರು ಬಿದ್ದೇ ಇದ್ದರು, ಪಟ್ಟಿ ಓಡುತ್ತಲೇ ಇತ್ತು, ಅವರ ಬೆನ್ನನ್ನು ತಿಕ್ಕುತ್ತಿತ್ತು, ಗುಂಡಿ ಯಾವುದೆಂದು ತಿಳಿಯದೆ ಪ್ಲಗ್ಗನ್ನೇ ಕಿತ್ತೆ. ಕೀಲಿ ಕಳಚಿದ ಮೇಲೆ ಪಟ್ಟಿ ಓಡಲಾರದು. ಹಾಗಾದರೆ ದುರ್ಗಕ್ಕನದು ಸುಳ್ಳು.

ನಾಳೆ ಹನ್ನೊಂದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ರೇಣುಕಾದೇವಿಯ ಅರ್ಜಿ ಬರಲಿತ್ತು. ಹೆಣ್ಣುಮಗಳೊಬ್ಬಳನ್ನು ನಾಲ್ಕು ದಿನದಿಂದ ದಾಖಲೆಯಿಲ್ಲದೆ ಠಾಣೆಯಲ್ಲಿಟ್ಟಿದ್ದಾರೆ, ಕರೆಸಿ ಕೇಳಿ ಎಂದು. ಕರೆಸಿ ಕೇಳಿದಾಗ ದುರ್ಗಕ್ಕ ಹೇಳುವುದು ಸುಳ್ಳಾಗಿ ಕಂಡರೆ, ಅವಳು ಠಾಣೆಯಿಂದ ಹೊರಡುವುದು ಜೈಲಿಗೇ.

ಆ ದುರ್ಗಕ್ಕ ಒಂದು ಕಾಲಕ್ಕೆ ಹೊಸಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದವಳು. ಮೆಟ್ರಿ ಹಳ್ಳಿಯ ಗದ್ದೆ ಕೂಲಿಗಳ ಮಗಳು ರೇಣುಕಾ ಅಲ್ಲಿಗೆ ಬಂದಾಗ ತಲೆ ತುಂಬ ಹೇನು. ಬೇರೆ ಹುಡುಗಿಯರು ಚಾಪೆ ದೂರ ಎಳೆದುಕೊಂಡರು. ದುರ್ಗಕ್ಕ ಹಿಟ್ಟಿನ ಕೈ ತೊಳೆದು ಬಂದು, ಆ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹದಿನೈದು ದಿನ ಒಂದೊಂದಾಗಿ ಹೆಕ್ಕಿದಳು. ವಕೀಲೆಯ ಕರಿಕೋಟಿನೊಳಗೆ ಇವತ್ತಿಗೂ ಕುಳಿತಿರುವುದು ಆ ತೊಡೆಯ ಬಿಸುಪೇ. ಅದನ್ನು ಋಣ ಎನ್ನಲು ಅವಳಿಗೆ ಮನಸ್ಸಿಲ್ಲ. ಋಣವೆಂದರೆ ತೀರಿಸಿ ಕೈ ತೊಳೆದುಕೊಳ್ಳಬಹುದಲ್ಲ.

ಮಹಜರನ್ನು ಹೊರತೆಗೆದು ಅವಳು ವಿಜಯಲಕ್ಷ್ಮೀಗೆ ಓದಿ ಹೇಳಿದಳು. ಸೋಮವಾರ ತಂಗಿಯ ಮನೆಗೆಂದು ಕಂಪ್ಲಿಯಲ್ಲಿದ್ದು, ಅಲ್ಲಿಂದ ನೇರ ಆಸ್ಪತ್ರೆಗೆ ಓಡಿಬಂದ ಆಕೆಗೆ ಆ ಕಾಗದದಲ್ಲಿ ಏನಿದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ.

“ಬನಿಯನ್ನಿಗೇನು?” ಎಂದಳು ವಿಜಯಲಕ್ಷ್ಮೀ. “ಇನ್ನೊಮ್ಮೆ ಓದ್ರಿ.”

ರೇಣುಕಾದೇವಿ ಓದಿದಳು.

“ನಮ್ಮವರು ಬನಿಯನ್ ಹಾಕ್ಕೊಂಡು ಇದನ್ನ ಹತ್ತಿದ್ದು ನಾ ಒಂದು ದಿನಾನೂ ನೋಡಿಲ್ಲ. ಸ್ನಾನ ಮಾಡಿ, ಪಂಚೆ ಉಟ್ಟು, ಬರೀ ಮೈಯಾಗ ನಡೀತಿದ್ರು. ನಡೆದಾದ ಮೇಲೆ ಸಂಧ್ಯಾವಂದನಿ. ಈ ಕ್ಲಿಪ್ಪು ಎಲ್ಲಿಗೆ ಸಿಗಿಸ್ತಿದ್ರು ಅಂತ ಹುಲುಗಪ್ಪನ್ನ ಕೇಳ್ರಿ.”

ಹುಲುಗಪ್ಪ ತಲೆ ಕೆರೆದುಕೊಂಡ. ಆಮೇಲೆ ಅವನ ಕಣ್ಣು ಅರಳಿತು.

“ಜನಿವಾರಕ್ಕ.”

ಬೀರುವಿನ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುವ ಮನೆತನ ಅದು. ಅಪ್ಪ ಕಟ್ಟುತ್ತಿದ್ದ, ಅಜ್ಜ ಕಟ್ಟುತ್ತಿದ್ದ. ಯಂತ್ರದವರು ಕೊಟ್ಟದ್ದೂ ಒಂದು ಕೀಲಿಯೇ. ಅದಕ್ಕೆ ಬೇರೆ ಜಾಗ ಉಂಟೆಂದು ರಾಯರಿಗೆ ಹೊಳೆದೇ ಇರಲಿಲ್ಲ. ಯಂತ್ರ ಕೂರಿಸಿದ ದಿನ ಹುಲುಗಪ್ಪ, ಸ್ವಾಮೇರ ಮಷೀನಿಗೂ ಮುಂಜಿವಿ ಮಾಡಿಬಿಟ್ರಿ ಎಂದು ನಕ್ಕಿದ್ದನಂತೆ. ಜಾರಿದರೆ ಜನಿವಾರ ಸರಿಯುತ್ತದೆಯೇ ಹೊರತು ಕೀಲಿ ಸರಿಯಾಗಿ ಕಳಚುವುದಿಲ್ಲ, ಅಂಗಿ ತೊಡಿ ಎಂದು ಬುದ್ಧಿ ಹೇಳಿದ್ದನಂತೆ.

“ಬಾಯಿಮಾತು ಕೋರ್ಟಿನಾಗ ನಡ್ಯಂಗಿಲ್ಲ ಹುಲುಗಪ್ಪ,” ಎಂದಳು ರೇಣುಕಾದೇವಿ.

ಅವನು ಒಳಗೆ ಹೋಗಿ ರಟ್ಟಿನ ಪೆಟ್ಟಿಗೆಯೊಂದನ್ನು ತಂದು, ಅದರಿಂದ ಮಾಸಿದ ಸರ್ವಿಸ್ ಕಾರ್ಡೊಂದನ್ನು ಹುಡುಕಿ ತೆಗೆದ. ಗಿರಾಕಿ ಯಂತ್ರವನ್ನು ಹೇಳಿದಂತೆ ಬಳಸದಿದ್ದರೆ ಕಾರ್ಡಿನಲ್ಲಿ ಬರೆದು ಗಿರಾಕಿಯ ಸಹಿ ಪಡೆಯಬೇಕು. ಇಲ್ಲವಾದರೆ ನಾಳೆ ಕೆಟ್ಟಾಗ ಗ್ಯಾರಂಟಿಯ ತಕರಾರು. ಎರಡು ವರ್ಷದಲ್ಲಿ ಮೂರು ಸಲ ಎಣ್ಣೆ ಹಾಕಲು ಹೋಗಿದ್ದ. ಮೂರು ಸಲವೂ ಅವನ ಗುಂಡು ಅಕ್ಷರದಲ್ಲಿ ಒಂದೇ ಮಾತು: ‘ಗ್ರಾಹಕರು ಮೇಲಂಗಿ ತೊಡುವುದಿಲ್ಲ. ಕ್ಲಿಪ್ಪನ್ನು ಜನಿವಾರಕ್ಕೆ ಹಾಕುತ್ತಾರೆ. ತಿಳಿಸಿ ಹೇಳಿದೆ. ಕೇಳಲಿಲ್ಲ.’ ಕೆಳಗೆ ಸರ್ವೆಯರರ ನೇರ, ಚೂಪು ಸಹಿ. ಮೂರನೆಯದಕ್ಕೆ ಬರಿ ಒಂದು ತಿಂಗಳಾಗಿತ್ತು.

ರೇಣುಕಾದೇವಿ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಳು. ಆ ‘ಕೇಳಲಿಲ್ಲ’ ಎಂಬ ಪದಕ್ಕೆ ಕೈಮುಗಿಯಬೇಕೆನಿಸಿತು.

ಬನಿಯನ್ ಬಗ್ಗೆ ಇನ್ನೊಂದು ಮಾತು ಕೇಳುವುದಿತ್ತು. ರಾಯರ ಬೆನ್ನಿನ ಗಾಯ ಹೇಗಿದೆ? ಬಲ ಭುಜದಿಂದ ನಡುಬೆನ್ನಿನವರೆಗೆ ಚರ್ಮ ಸುಲಿದು ಹೋಗಿದೆ, ದಿನಕ್ಕೆರಡು ಸಲ ತಾನೇ ಮುಲಾಮು ಹಚ್ಚುತ್ತಿದ್ದೇನೆ ಎಂದಳು ವಿಜಯಲಕ್ಷ್ಮೀ. ಮಹಜರಿನಲ್ಲಿ ಬನಿಯನ್ ಬಗ್ಗೆ ಬರೆದಿತ್ತು: ಬಿಳಿ ಬನಿಯನ್, ಒಂದು, ಹರಿದಿಲ್ಲ.

ಬಟ್ಟೆ ಹರಿಯದೆ ಚರ್ಮ ಸುಲಿಯದು. ಪಟ್ಟಿ ತಿಕ್ಕಿದ್ದು ಬರಿ ಮೈಯನ್ನು. ಹಾಗಾದರೆ ನಡೆದದ್ದು ಇದೇ ಎಂದುಕೊಂಡಳು ರೇಣುಕಾದೇವಿ: ಯಾರೋ ರಾಯರ ತಲೆಗೆ ಹೊಡೆದು, ಯಂತ್ರ ಓಡಿಸಿ, ಅದರ ಬುಡದಲ್ಲಿ ಕೆಡವಿದ್ದರು. ದುರ್ಗಕ್ಕ ಪ್ಲಗ್ ಕಿತ್ತು ಎದುರುಮನೆಗೆ ಕೂಗಲು ಓಡಿದಾಗ, ಒಳಗೇ ಅವಿತಿದ್ದ ಆ ಹೊಡೆದವರಿಗೆ ತಪ್ಪನ್ನು ಅವಳ ಮೇಲೆ ಹಾಕುವ ಬೇರೊಂದು ಕಥೆ ಹೊಳೆದಿತ್ತು. ಕೀಲಿ ತೆಗೆದರು, ಬನಿಯನ್ ತೊಡಿಸಿದರು, ಯಂತ್ರದ ಪುಸ್ತಕದಲ್ಲಿ ಚಿತ್ರ ಇರುವಂತೆಯೇ ಕ್ಲಿಪ್ಪು ಸಿಗಿಸಿದರು. ರಾಯರು ಭಾನುವಾರ ಮನೆಗೆ ತಂದಿಟ್ಟಿದ್ದ ಗಡಿಕಲ್ಲುಗಳ ಅಳತೆ ಪುಸ್ತಕ ಸೋಮವಾರದಿಂದ ಕಾಣೆಯಾಗಿದೆ. ಗಣಿಯ ಎಲ್ಲೆ ಮೀರಿ ಸರಿಸಿದ ಗಡಿಕಲ್ಲಿನ ನಕ್ಷೆಗೆ ಸಹಿ ಹಾಕೆಂದು ಕಂಪನಿ ಒಂದು ತಿಂಗಳಿಂದ ಅವರನ್ನು ಕಾಡುತ್ತಿತ್ತು.

ಹೊರಗೆ ಬಿಳಿಯ ದೊಡ್ಡ ಗಾಡಿಯೊಂದು ನಿಂತಿತು. ಇಳಿದವನು ಭಾರ್ಗವ್. ರಾಯರ ಅಣ್ಣನ ಮಗ. ಹತ್ತನೆಯ ವಯಸ್ಸಿನಿಂದ ರಾಯರ ಮನೆಯಲ್ಲೇ ಉಂಡು ಓದಿದವನು. ಈಗ ಅದೇ ಗಣಿ ಕಂಪನಿಯ ಮ್ಯಾನೇಜರು, ಐದು ವರ್ಷದಿಂದ ಸಂಡೂರಿನ ಕ್ವಾರ್ಟರ್ಸಿನಲ್ಲಿ ವಾಸ. ಸೋಮವಾರ ಬೆಳಿಗ್ಗೆ ಎದುರುಮನೆಯವರು ಬರುವ ಹೊತ್ತಿಗೆ ರಾಯರ ಪಕ್ಕದಲ್ಲಿ ಕುಳಿತಿದ್ದವನೂ ಅವನೇ. ಚಿಕ್ಕಪ್ಪನನ್ನು ಗುಡ್ಡಕ್ಕೆ ಕರೆದೊಯ್ಯಲು ಬಂದಿದ್ದೆ ಎಂದಿದ್ದ.

ಅವನು ಬೂಟು ಬಿಚ್ಚದೆ ಒಳಬಂದು, ಟೀವಿಯಿದ್ದ ಮೂರನೆಯ ಯಂತ್ರದ ಮೇಲೆ ಕೈಯಿಟ್ಟ. ಇದನ್ನೇ ಕಳಿಸು ಎಂದು ಹುಲುಗಪ್ಪನಿಗೆ ಹೇಳಿದ. ಬಿಲ್ಲು ಕಂಪನಿಯ ಹೆಸರಿಗೆ. ಚಿಕ್ಕಮ್ಮ ಇಷ್ಟು ಬಿಸಿಲಲ್ಲಿ ಯಾಕೆ ಬಂದಿರಿ, ಒಂದು ಫೋನು ಮಾಡಿದ್ದರೆ ಸಾಕಿತ್ತಲ್ಲ ಎಂದು ಅಕ್ಕರೆಯಿಂದಲೇ ಗದರಿದ. ಆಮೇಲೆ ಕೈಚೀಲದಿಂದ ಟೈಪು ಮಾಡಿದ ಹಾಳೆಯೊಂದನ್ನು ತೆಗೆದ.

ಕೆಲಸದವಳ ಅಜಾಗರೂಕತೆಯಿಂದ ಆದ ಅಪಘಾತವಿದು, ಯಾರ ಮೇಲೂ ಸಂಶಯವಿಲ್ಲ, ಚಿಕಿತ್ಸೆಯ ಭಾರ ಹೊತ್ತ ಕಂಪನಿಗೆ ನಮ್ಮ ಕುಟುಂಬ ಸದಾ ಕೃತಜ್ಞ ಎಂದಿತ್ತು. ಕೆಳಗೆ ವಿಜಯಲಕ್ಷ್ಮೀಯ ಸಹಿಗೆ ಜಾಗ.

ವಿಜಯಲಕ್ಷ್ಮೀ ಅದನ್ನು ಕೈಗೆತ್ತಿಕೊಂಡು ಓದಿದಳು. ಆಸ್ಪತ್ರೆ ಕಂಪನಿಯದು, ಇರುವ ಮನೆ ಕಂಪನಿಯದು. ಗಂಡ ಉಸಿರಾಡುತ್ತಿರುವ ಕೊಳವೆಯೂ ಅವರದೇ. ಈ ಜಿಲ್ಲೆಯಲ್ಲಿ ಕೃತಜ್ಞತೆಯನ್ನು ಹೀಗೆಯೇ ಟೈಪು ಮಾಡಿ ತಂದು ಮುಂದಿಡುತ್ತಾರೆ. ಗುಡ್ಡ ಕೊಟ್ಟ ಊರಿಗೆ ಕಂಪನಿ ನೀರಿನ ಟ್ಯಾಂಕರು ಕೊಡುತ್ತದೆ, ಊರು ಹಾರ ಹಾಕುತ್ತದೆ.

“ಭಾರ್ಗವ್ ಅವ್ರೆ,” ಎಂದಳು ರೇಣುಕಾದೇವಿ, “ಸಹಿ ಆಮೇಲೆ ಆಗಲಿ. ಒಂದು ಮಾತು. ನೀವು ಒಳಗ ಬಂದಾಗ ರಾಯರ ಕ್ಲಿಪ್ಪು ಎಲ್ಲಿತ್ತು?”

“ಮಹಜರಿನಾಗ ಅದಲ್ಲ.”

“ನಿಮ್ಮ ಬಾಯಿಂದ ಕೇಳೋಣಂತ.”

“ಬನಿಯನ್ನಿಗಿತ್ತು. ಇಲ್ಲಿ, ಕೊರಳ ಹತ್ರ. ನನ್ನ ಕಣ್ಣಾರೆ ನೋಡೀನಿ.”

ಹುಲುಗಪ್ಪ ನೆಲ ನೋಡಿದ. ವಿಜಯಲಕ್ಷ್ಮೀ ಮಾತ್ರ ಆ ಹುಡುಗನ ಮುಖವನ್ನೇ ನೋಡುತ್ತಿದ್ದಳು. ಜ್ವರ ಬಂದಾಗ ಒದ್ದೆ ಬಟ್ಟೆ ಇಟ್ಟ ಹಣೆ ಅದು.

“ನಿನ್ನ ಚಿಕ್ಕಪ್ಪ ಬನಿಯನ್ ಹಾಕ್ಕೊಂಡಿದ್ರೇನೋ ಭಾರ್ಗವ?”

“ಹೌದು ಚಿಕ್ಕಮ್ಮ. ಯಾಕ?”

ಅವನ ನೋಟ ಚಿಕ್ಕಮ್ಮನಿಂದ ವಕೀಲೆಯ ಕಡೆಗೆ, ಅವಳ ಕೈಯ ಕಾರ್ಡಿನ ಕಡೆಗೆ ಸರಿಯಿತು. ಏನದು, ಕೊಡಿ ನೋಡೋಣ ಎಂದು ಕೈ ಚಾಚಿದ. ಕಾರ್ಡು ಅಷ್ಟರಲ್ಲಿ ಚೀಲ ಸೇರಿತ್ತು.

ವಿಜಯಲಕ್ಷ್ಮೀ ಟೈಪಾದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಅಂಗಿಯ ಜೇಬಿಗೆ ಇಟ್ಟಳು. ಚಿಕ್ಕವನಿದ್ದಾಗ ಶಾಲೆಗೆ ಕಳಿಸುವಾಗ ಕರ್ಚೀಫು ಇಡುತ್ತಿದ್ದಂತೆ.

“ಉಪಕಾರ ಮಾಡಿದಾಕಿ ದುರ್ಗಿ. ನನ್ನ ಹಣಿ ಮ್ಯಾಲಿನ ಕುಂಕುಮ ಆಕೀದು. ಆಕಿಗೆ ಹೇಳೋದನ್ನ ಕಂಪನಿಗೆ ಹ್ಯಾಂಗ ಬರಕೊಡ್ಲಿ?”

ಹುಲುಗಪ್ಪನ ಕಡೆ ತಿರುಗಿ, ನಡುವಿನದನ್ನು ತನ್ನ ಹೆಸರಿಗೆ ಬರೆದುಕೋ ಎಂದಳು. ಭಾರ್ಗವ್ ಹೊರಗೆ ನಡೆದ. ಗಾಡಿ ಹತ್ತುವ ಮೊದಲೇ ಫೋನು ಅವನ ಕಿವಿಯಲ್ಲಿತ್ತು.

ಆ ಫೋನು ಯಾರಿಗೆ ಹೋಯಿತೆಂದು ಅರ್ಧ ಗಂಟೆಯಲ್ಲೇ ತಿಳಿಯಿತು. ಠಾಣೆಯ ಮಹಿಳಾ ಕಾನ್‌ಸ್ಟೇಬಲ್ ಭೀಮವ್ವ ರೇಣುಕಾದೇವಿಗೆ ಕರೆ ಮಾಡಿ, ನಿಮ್ಮಾಕೆಯನ್ನು ಈಗಿಂದೀಗಲೇ ಬಿಡುತ್ತಿದ್ದಾರೆ, ಬನ್ನಿ ಎಂದು ಪಿಸುಗುಟ್ಟಿದಳು. ಇಬ್ಬರೂ ಹೆಂಗಸರು ಆಟೊ ಹತ್ತಿದರು. ದಾರಿಯುದ್ದಕ್ಕೂ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದು. ವಿಜಯಲಕ್ಷ್ಮೀ ಮೂಗಿಗೆ ಸೆರಗು ಹಿಡಿದು, ಯಂತ್ರ ಬಂದ ಮೇಲೆ ದುರ್ಗಕ್ಕನೂ ಅದರ ಮೇಲೆ ನಡೆಯಲಿ, ಅವಳ ಮಂಡಿಗೂ ನೋವಿದೆ ಎಂದಳು. ಆ ಮಾತಿಗೆ ರೇಣುಕಾದೇವಿ ಅವಳ ಕೈ ಹಿಡಿದುಕೊಂಡಳು. ನಾಲ್ಕು ದಿನದಿಂದ ಈ ಹೆಂಗಸು ಕಂಪನಿಗೆ ಎದುರಾಗಿ ಬಾಯಿ ಬಿಡಲಾರಳು ಎಂದೇ ಅವಳು ತಿಳಿದಿದ್ದಳು.

ಠಾಣೆಯಲ್ಲಿ ದುರ್ಗಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಹೆಗಲ ಮೇಲೆ ಯಾರದೋ ಖಾಕಿ ಸ್ವೆಟರು. ರೇಣುಕಾದೇವಿಯನ್ನು ಕಂಡು ಮೊದಲು ಅವಳು ಹೇಳಿದ್ದು ಅದರ ಬಗ್ಗೆಯೇ: ಭೀಮವ್ವ ಕೊಟ್ಟಳು, ದಿನಾ ಮನೆಯಿಂದ ಬುತ್ತಿಯನ್ನೂ ತರುತ್ತಿದ್ದಾಳೆ, ಅವಳ ಹೊಟ್ಟೆ ತಣ್ಣಗಿರಲಿ. ಆಮೇಲೆ ರಾಯರು ಹೇಗಿದ್ದಾರೆ ಎಂದು ಕೇಳಿದಳು. ಕಣ್ಣು ಬಿಟ್ಟರು ಎಂದು ವಿಜಯಲಕ್ಷ್ಮೀ ಹೇಳಿದಾಗ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಟೇಬಲ್ಲಿನ ಹಿಂದಿನಿಂದ ಹಾಳೆಯೊಂದನ್ನು ಮುಂದೆ ಸರಿಸಿದ. ತನ್ನ ತಪ್ಪಿನಿಂದ ಅಪಘಾತವಾಯಿತು, ಕಂಪನಿಯವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದಾರೆ, ಅವರ ಉಪಕಾರ ಸ್ಮರಿಸುತ್ತೇನೆ ಎಂದಿತ್ತು. ಹೆಬ್ಬೆಟ್ಟು ಒತ್ತಿ ಮನೆಗೆ ಹೋಗಬಹುದು.

ರೇಣುಕಾದೇವಿ ಅದನ್ನು ಓದಿ ತಿರುಗಿಸಿಟ್ಟಳು. ಹೆಬ್ಬೆಟ್ಟಿಲ್ಲದೆ ಬಿಡುವುದಾದರೆ ಬಿಡಿ, ಇಲ್ಲವಾದರೆ ನಾಳೆ ಹನ್ನೊಂದಕ್ಕೆ ಸಾಹೇಬರ ಮುಂದೆ ಮಾತಾಡೋಣ ಎಂದಳು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ, ಫೋನು ನೋಡಿದ. ಹೆಬ್ಬೆಟ್ಟೂ ಬೇಡ, ಕರೆದುಕೊಂಡು ಹೋಗಿ ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ರೇಣುಕಾದೇವಿಗೆ ಹಿಡಿಸಲಿಲ್ಲ.

ಅವಳು ದುರ್ಗಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲನೆ ಕೇಳಿದಳು. ಈ ನಾಲ್ಕು ದಿನ ಇಲ್ಲಿ ಎಲ್ಲರೂ ಅವಳನ್ನು ಯಾಕೆ ಕಿತ್ತೆ ಎಂದು ಕೇಳಿದ್ದರು. ಏನು ಕಂಡೆ ಎಂದು ಒಬ್ಬರೂ ಕೇಳಿರಲಿಲ್ಲ.

“ರಾಯರ ಮೈಮ್ಯಾಲೆ ಏನಿತ್ತು ದುರ್ಗಕ್ಕ, ನೀ ಪ್ಲಗ್ ಕೀಳೋವಾಗ?”

“ಏನೂ ಇರ್ಲಿಲ್ಲವ್ವಾ. ಜನಿವಾರ ಇತ್ತು.” ಅವಳು ಇನ್ನಷ್ಟು ದನಿ ತಗ್ಗಿಸಿದಳು. “ಮಂದೀನ ಕರ್ಕೊಂಡು ವಾಪಸ್ ಬಂದಾಗ ಬನೀನು ಇತ್ತು. ಆ ಬನೀನು ನಮ್ಮನೀದಲ್ಲ. ನಾ ಒಗಿಯೋ ಬಟ್ಟಿ ಬೆಳ್ಳಗ ಇರ್ತಾವು. ಅದು ಬಿಳೇದ ಆದ್ರೂ ಗುಡ್ಡದ ನೀರಾಗ ಒಗದು ಕೆಂಪಡರಿತ್ತು.”

“ಭಾರ್ಗವ್‌ದೇನು?”

ದುರ್ಗಕ್ಕ ಇಲ್ಲವೆಂದು ತಲೆಯಾಡಿಸಿದಳು. “ಆ ಹುಡುಗ ತನ್ನಂಗಿ ತೊಟ್ಟಿದ್ದ, ಗುಂಡಿ ಹಾಕಿದ್ದ, ಹಂಗ ನಡಗ್ತಿದ್ದ. ಹಿತ್ತಲಾಗ ಇನ್ನೊಬ್ಬ ಹೊಂಟಿದ್ದ. ಬರೀ ಮೈಮ್ಯಾಲೆ ಅಂಗಿ ಏರಿಸ್ಕೋತ ಹೊಂಟಿದ್ದ. ಮಾರಿ ನೋಡೀನಿ. ಹೆಸರು ಗೊತ್ತೈತಿ.”

ರೇಣುಕಾದೇವಿ ಇನ್ಸ್‌ಪೆಕ್ಟರ್ ಕಡೆ ನೋಡಲಿಲ್ಲ. ಅವನು ಪೆನ್ನು ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು. ಹೆಸರು ತಿಳಿದವಳು ಇಲ್ಲಿ ಇನ್ನೊಂದು ಕ್ಷಣವೂ ಇರಕೂಡದು. ರೇಣುಕಾದೇವಿ ಎದ್ದು ನಿಂತು ಕೈ ಚಾಚಿದಳು. ಏಳು, ಆಟೊ ಬಾಗಿಲಲ್ಲೇ ಇದೆ, ಮಾತೆಲ್ಲ ಮನೆಯಲ್ಲಿ ಎಂದಳು. ವಿಜಯಲಕ್ಷ್ಮೀ ಇನ್ನೊಂದು ತೋಳು ಹಿಡಿದಳು. ಇನ್ಸ್‌ಪೆಕ್ಟರ್ ಕೂಡ ಎದ್ದು ಬಂದು, ನಿನಗಿನ್ನು ಇಲ್ಲೇನೂ ಕೆಲಸವಿಲ್ಲ, ಹೊರಡು ಎಂದ. ದನಿ ಮೆತ್ತಗಿತ್ತು.

ದುರ್ಗಕ್ಕ ಇಬ್ಬರ ಕೈಗಳನ್ನೂ ಒಂದೊಂದಾಗಿ ಬಿಡಿಸಿದಳು. ಬಿಡಿಸುವಾಗ ವಿಜಯಲಕ್ಷ್ಮೀಯ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು.

“ನಾ ಇಲ್ಲಿ ನಾಕು ದಿನ ಇದ್ದದ್ದು ಇವರ ಯಾವ ಬುಕ್ಕಿನಾಗೂ ಇಲ್ಲಂತ,” ಎಂದಳು, ಎಲ್ಲರಿಗೂ ಕೇಳುವಂತೆ. “ಈಗ ಹೊಂಟ್ರ ನಾ ಬಂದೇ ಇಲ್ಲ ಅಂದಂಗಾತು. ಇಲ್ಲಿ ನಾಕು ಗ್ವಾಡಿ ಅದಾವು, ಭೀಮವ್ವ ಅದಾಳ. ಹೊರಗ ಲಾರಿ ಅದಾವು. ಯಾವ ಲಾರಿ ಯಾರನ್ನ ಯಾಕ ಹೊಡೀತು ಅಂತ ಈ ಊರಾಗ ಯಾರಾರ ಕೇಳ್ಯಾರೇನು?”

“ದುರ್ಗಕ್ಕ, ನಾ ಹೇಳಾಕತ್ತೀನಿ, ಏಳು,” ಎಂದಳು ರೇಣುಕಾದೇವಿ.

“ಇಲ್ಲ ರೇಣವ್ವ. ನೀ ಹೇಳಿದ್ರೂ ಇಲ್ಲ. ನಾಳೆ ಹನ್ನೊಂದಕ್ಕ ಜಡ್ಜ್ ಸಾಹೇಬ್ರು ನನ್ನ ಇಲ್ಲಿಂದ ಕರಸ್ಲಿ. ಅಲ್ಲೀಮಟ ನಾ ಏಳಂಗಿಲ್ಲ.”